ತಳಕಲ್ಲಿನಿಂದ ಬಂದ ತಂಬಿಗೆ

ಪ್ರಯೋಗಶಾಲೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಕಾಣಲು ಬಂದಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: “ಅಜ್ಜಾರ, ಹೆಣ್ಮಗಳು ಬಸುರಿದ್ರ ಮೊಲ ಸಾಯತಿತ್ತಂತಲ್ರಿ, ಖರೇನ?” ನಾನು ಕೊಡುವ ಉತ್ತರವೂ ಒಂದೇ. ಮೊಲ ಎಲ್ಲ ಸಲವೂ ಸಾಯುತ್ತಿತ್ತು. ಬಸುರಿದ್ದರೂ ಸಾಯುತ್ತಿತ್ತು, ಇಲ್ಲದಿದ್ದರೂ ಸಾಯುತ್ತಿತ್ತು. ಏಕೆಂದರೆ ಅದನ್ನು ಕೊಲ್ಲುತ್ತಿದ್ದವರು ನಾವು. ಕೊಂದು, ಹೊಟ್ಟೆ ಸೀಳಿ, ಅಂಡಾಶಯಗಳ ಮೇಲೆ ರಕ್ತದ ಚುಕ್ಕೆಗಳು ಎದ್ದಿವೆಯೇ ಎಂದು ನೋಡದ ಹೊರತು ಉತ್ತರ ದೊರೆಯುತ್ತಿರಲಿಲ್ಲ. ಇಷ್ಟು ಸರಳವಾದ ಸಂಗತಿಯನ್ನು ಎಷ್ಟು ಸಲ ಹೇಳಿದರೂ ಜನ ತಿರುಗಿ ಹಳೆಯ ಮಾತನ್ನೇ ಆಡುತ್ತಾರೆ. ಹೇಳಿ ಹೇಳಿ ನನಗೆ ದಣಿವಾಗಿದೆ. ಬರೆದಿಟ್ಟರೆ ಬಾಯಿಗಾದರೂ ವಿಶ್ರಾಂತಿ ದೊರೆತೀತೆಂದು ಬರೆಯುತ್ತಿದ್ದೇನೆ.

ನಾನು ಒಪ್ಪದ ಮಾತು ಇನ್ನೊಂದಿದೆ. ನಮ್ಮ ಭಾಗದ ವೈದ್ಯಕೀಯದ ಬಗ್ಗೆ ಸಭೆಗಳಲ್ಲಿ ಮಾತನಾಡುವವರು, ನಿಜಾಮರ ಕಾಲದಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳಲ್ಲಿ ಜ್ವರಕ್ಕೆ ಕ್ವಿನೈನು, ಗಾಯಕ್ಕೆ ಅಯೋಡಿನ್ನು ಬಿಟ್ಟರೆ ಏನೂ ಇರಲಿಲ್ಲ, ಜನ ಮೂಢರು, ಪರೀಕ್ಷೆಯೆಂದರೆ ಓಡಿಹೋಗುತ್ತಿದ್ದರು ಎನ್ನುತ್ತಾರೆ. ಓಡಿಹೋದವರನ್ನು ನಾನು ಕಾಣಲಿಲ್ಲ. ನಾನು ಕಂಡವರು ಬೆಳಗಿನ ರೈಲಿಗೋ ಚಕ್ಕಡಿಗೋ ಬಂದು, ಸೆರಗಿನ ಮರೆಯಲ್ಲಿ ತಂಬಿಗೆ ಹಿಡಿದು, ನಮ್ಮ ಬಾಗಿಲು ತೆರೆಯುವ ಮೊದಲೇ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಅವರು ನಮ್ಮನ್ನು ಅತಿಯಾಗಿ ನಂಬಿದರು. ತೊಂದರೆಗಳೆಲ್ಲ ಹುಟ್ಟಿದ್ದು ಆ ನಂಬಿಕೆಯಿಂದ.

ಆ ದವಾಖಾನೆ ಕೊಪ್ಪಳದ ಕೋಟೆಯ ಕೆಳಗಿನ ಓಣಿಯಲ್ಲಿತ್ತು. ಅದನ್ನು ನಡೆಸುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಹೆಣ್ಣುಮಗಳು. ಮುಂಬಯಿಯಲ್ಲಿ ವೈದ್ಯ ಕಲಿತವರು. ಜನ ಅವರನ್ನು ಡಾಕ್ಟರಬಾಯಿ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ನಾನು ಉರ್ದು ಸಾಲೆಯಲ್ಲಿ ನಾಲ್ಕು ಜಮಾತು ಓದಿ ಬಿಟ್ಟವನು. ಸೀಸೆ ತೊಳೆಯಲು ಸೇರಿಕೊಂಡು, ಅವರು ಓದಿ ಮುಗಿಸಿದ ಪುಸ್ತಕಗಳನ್ನು ಒಂದು ಹಳೆಯ ನಿಘಂಟಿನ ನೆರವಿನಿಂದ ಬಿಡಿಸುತ್ತ ಹೋದೆ. ಹಾರ್ಮೋನು ಎಂಬ ಶಬ್ದ ಆ ನಿಘಂಟಿನಲ್ಲಿ ಸಿಗಲಿಲ್ಲ. ಅದು ಅಚ್ಚಾದಾಗ ಆ ಶಬ್ದವೇ ಹುಟ್ಟಿರಲಿಲ್ಲ. ಕೊನೆಗೆ ಡಾಕ್ಟರಬಾಯಿಯವರನ್ನೇ ಕೇಳಿದೆ.

“ಈರಣ್ಣ, ಒಂದು ಕೊಡ ಹಾಲಿಗೆ ನಿಮ್ಮವ್ವ ಎಷ್ಟು ಹೆಪ್ಪು ಹಾಕ್ತಾಳ?” ಎಂದರು.

“ಒಂದು ಚಮಚೆರಿ.”

“ಹೆಚ್ಚಾದ್ರ?”

“ಹುಳಿ ಆಗತೈತ್ರಿ.”

“ಕಡಿಮಿ ಆದ್ರ ಹಾಲು ಹಾಲಾಗೇ ಉಳೀತೈತಿ. ಮೈಯಾಗೂ ಅಂಥಾ ಹೆಪ್ಪು ಹಾಕೂ ಗಂಟು ಅದಾವ. ನಾವು ಹುಡುಕೂದು ಆ ಚಮಚ.”

ಆಮೇಲೆ ಓದಿದ ಯಾವ ಪುಸ್ತಕವೂ ನನಗೆ ಇದಕ್ಕಿಂತ ಹೆಚ್ಚಿನದನ್ನು ಹೇಳಲಿಲ್ಲ.

ಕೆಲಸದ ಕ್ರಮ ಹೀಗಿತ್ತು. ಕೊಪ್ಪಳದ ಪಕ್ಕದ ಭಾಗ್ಯನಗರದ ನೇಕಾರರೊಬ್ಬರು ಹಿತ್ತಲಿನಲ್ಲಿ ಮೊಲ ಸಾಕಿದ್ದರು. ಗಂಡಿನಿಂದ ಬೇರೆ ಇಟ್ಟ ಹೆಣ್ಣುಮೊಲವನ್ನು ಅವರಿಂದ ತರುತ್ತಿದ್ದೆವು. ಹೆಂಗಸು ಬೆಳಗಿನಲ್ಲಿ ಮೊದಲು ಮಾಡಿದ ಮೂತ್ರವನ್ನು ಸೋಸಿ, ಮೊಲದ ಕಿವಿಯ ರಕ್ತನಾಳಕ್ಕೆ ಸೂಜಿಯಿಂದ ಏರಿಸಿ, ಮೂರನೆಯ ದಿನ ಸೀಳಿ ನೋಡುವುದು. ಬಸುರಿಯ ಮೂತ್ರದಲ್ಲಿರುವ ಹಾರ್ಮೋನು ಮೊಲದ ಅಂಡಾಶಯವನ್ನು ಕೆರಳಿಸುತ್ತದೆ, ಅದರಿಂದ ಚುಕ್ಕೆ. ನನ್ನ ಕೈಯಲ್ಲಿ ಮೊಲ ಎಂದೂ ಕೂಗಿದ್ದಿಲ್ಲ. ಕೂಗದಿರುವುದನ್ನೇ ನನಗೆ ಸಹಿಸಲಾಗುತ್ತಿರಲಿಲ್ಲ. ಮುಂದೆ ಮೊಲದ ಬದಲು ಕಪ್ಪೆ ಬಂತು, ಕಪ್ಪೆ ಸಾಯುವ ಅಗತ್ಯವಿರಲಿಲ್ಲ. ಈಗ ಗಾಜಿನ ಪಟ್ಟಿಯ ಮೇಲೆ ಎರಡು ಹನಿ ಸಾಕು. ಬದಲಾವಣೆಯ ಬಗ್ಗೆ ನನಗೆ ದೂರಿಲ್ಲ.

ಗಂಗಾವತಿಯ ಕಡೆಯಿಂದ ಒಬ್ಬ ಭತ್ತದ ವ್ಯಾಪಾರಿ ಬಂದಿದ್ದ. ಸೊಸೆ ಬಸುರಿ ಎಂದು ತಿಳಿದ ಮೇಲೂ ಕದಲಲಿಲ್ಲ.

“ಬಾಯಾರ, ಗಂಡೋ ಹೆಣ್ಣೋ ಅದನ್ನೂ ಮೊಲಕ್ಕ ಕೇಳಿಬಿಡ್ರಲ್ಲ. ಬೇಕಾರ ಇನ್ನೊಂದು ಮೊಲ ನಾ ಕೊಡಸ್ತೀನಿ.”

“ಸಾವ್ಕಾರ್ರ, ಹತ್ತು ಕೊಡಸ್ರಿ. ತಮ್ಮ ಹೊಟ್ಟ್ಯಾಗಿಂದ ಹೇಳಾಕ ಬರದಿದ್ದವು ನಿಮ್ಮ ಸೊಸೀದೇನು ಹೇಳ್ಯಾವು?”

ಆತ ನಗಲಿಲ್ಲ. ಬೇರೆ ಡಾಕ್ಟರರ ಬಳಿ ಹೇಳುವ ಮೊಲಗಳಿರಬಹುದೆಂದು ಎಣಿಸಿ ಹೋದಂತೆ ಕಂಡಿತು.

ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಕುಷ್ಟಗಿಯ ಕಡೆಯ ತಂಬಿಗೆಗಳು. ಚಕ್ಕಡಿಯಲ್ಲಿ ಬಿಸಿಲು ಕುಡಿಯುತ್ತ ಬಂದ ಮೂತ್ರ ಹಲವು ಸಲ ಕೆಂಪಾಗಿರುತ್ತಿತ್ತು. ರಕ್ತವೆಂದೇ ಎಲ್ಲರೂ ತಿಳಿದೆವು. ಡಾಕ್ಟರಬಾಯಿಯವರು ಮೂತ್ರಕೋಶಕ್ಕೆ ಔಷಧಿ ಬರೆದರು. ಸೂಕ್ಷ್ಮದರ್ಶಕದ ಕೆಳಗೆ ರಕ್ತದ ಒಂದು ಕಣವೂ ಸಿಗಲಿಲ್ಲ. ಒಂದು ದಿನ ಆ ಕೆಂಪನ್ನು ಒರೆಸಿದ ಅರಿವೆಗೆ ಅವರು ನಿಂಬೆಹಣ್ಣು ಹಿಂಡಿದರು. ಕಲೆ ಹಳದಿಯಾಯಿತು. ಅರಿಷಿಣಕ್ಕೆ ಸುಣ್ಣ ಸೇರಿಸಿ ಓಕುಳಿ ಮಾಡುವ ನಾಡಿನಲ್ಲಿ ಹುಟ್ಟಿಯೂ ನಮಗೆ ಅದು ಹೊಳೆದಿರಲಿಲ್ಲ. ಮೂತ್ರ ಹಳತಾದರೆ ಸುಣ್ಣದ ಗುಣಕ್ಕೆ ತಿರುಗುತ್ತದೆ. ಅದರಲ್ಲಿ ಅರಿಷಿಣವಿದ್ದರೆ ಕೆಂಪೇರುತ್ತದೆ.

ಅರಿಷಿಣ ಬಂದದ್ದು ಹೇಗೆ ಎಂದು ಹೆಂಗಸರನ್ನು ಕೇಳಿದಾಗ, ಅವರು ನಮ್ಮ ಅಜ್ಞಾನಕ್ಕೆ ಬೆರಗಾದರು. “ಮುತ್ತೈದಿ ತಂಬಿಗಿ ಹೊಸ್ತಿಲಾ ದಾಟಿ ಹೋಗುಮುಂದ ಬರಿದ ಕಳಸ್ತಾರೇನ್ರಿ? ದೃಷ್ಟಿ ತಾಕತೈತಿ. ಒಂದು ಚಿಟಿಗಿ ಹಾಕಿರತೀವಿ.” ಹಾಕಬೇಡಿ ಎಂದು ಎಲ್ಲರಿಗೂ ಹೇಳಿದೆವು. ಅವರು ತಲೆಯಾಡಿಸಿದರು, ಹಾಕಿದರು. ಆ ಮೇಲೆ ನಾವು ಹೇಳುವುದನ್ನು ಬಿಟ್ಟು, ಸೋಸುವ ಮೊದಲು ಎರಡು ಹನಿ ಹುಳಿ ಬೆರೆಸುವುದನ್ನು ಕಲಿತೆವು.

ತಳಕಲ್ಲು ಎಂಬ ಹಳ್ಳಿಯ ಸಂಗಪ್ಪ ಬಂದದ್ದು ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳ ಒಂದು ಬೇಸಿಗೆಯಲ್ಲಿ. ಹೊಲ, ಕಾಳಿನ ವ್ಯಾಪಾರ ಎರಡೂ ಇದ್ದ ಮನೆಯ ಹಿರಿಯ ಮಗ. ಬೆಳಗಿನ ರೈಲಿನಲ್ಲಿ ಬಂದು, ಧೋತರದ ಚುಂಗಿನಲ್ಲಿ ಮುಚ್ಚಿದ ಹಿತ್ತಾಳೆಯ ತಂಬಿಗೆಯನ್ನು ಮೇಜಿನ ಮೇಲಿಟ್ಟ.

“ನನ್ನ ತಮ್ಮನ ಹೆಂಡತೀದ್ರಿ. ನೀಲವ್ವ ಅಂತ. ತಮ್ಮ ತೀರಿಕೊಂಡು ಎರಡು ವರ್ಷಾತು. ಈಗ ನೋಡಿದ್ರ ಹೊಟ್ಟಿ ಉಬ್ಬೈತಿ, ಮಾರಿ ಬಾತೈತಿ, ಮುಟ್ಟು ನಿಂತೈತಿ ಅಂತ ಅವ್ವ ಹೇಳತಾಳ. ಓಣ್ಯಾಗ ತಲಿ ಎತ್ತಾಕ ಆಗವಲ್ದು.”

“ಆಕೀನ್ನ ಯಾಕ ಕರಕೊಂಡು ಬರಲಿಲ್ಲ?” ಎಂದು ಡಾಕ್ಟರಬಾಯಿ ಕೇಳಿದರು.

“ಅಂಥಾಕೀನ್ನ ರೈಲಿನಾಗ ಹೆಂಗ ತರೂದ್ರಿ? ನಿಮ್ಮ ಮೊಲ ಹೇಳಿದಂಗ ಆಗಲಿ. ಹೌದಂದ್ರ ಹೊರಗ, ಇಲ್ಲಂದ್ರ ಒಳಗ. ಹಿರ್ಯಾರ ಮುಂದ ಮಾತಾಗೇತಿ.”

ನೀಲವ್ವನಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಹೊರಗೆ ಎಂದರೆ ಎಲ್ಲಿಗೆ ಎಂದು ಡಾಕ್ಟರಬಾಯಿಯವರು ಕೇಳಿದರು. ಆತ ಬಾಗಿಲ ಕಡೆ ನೋಡಿದ.

ಮೂತ್ರ ಹೊಸದಾಗಿತ್ತು, ಬಣ್ಣ ಎಲ್ಲ ಮೂತ್ರದಂತೆ ಹಳದಿ, ಹಾಗಾಗಿ ಹುಳಿ ಬೆರೆಸಲಿಲ್ಲ. ಮೊಲಕ್ಕೆ ಏರಿಸಿ, ಉಳಿದದ್ದನ್ನು ಸೀಸೆಯಲ್ಲಿ ಕಿಟಕಿಯ ಬಳಿ ಇಟ್ಟೆ. ಮೂರನೆಯ ದಿನ ಸೀಳಿದಾಗ ಎರಡೂ ಅಂಡಾಶಯಗಳ ಮೇಲೆ ಚುಕ್ಕೆಗಳು ತೆಳುವಾದ ಬಟ್ಟೆಯ ಮೇಲೆ ಕುಂಕುಮ ಚೆಲ್ಲಿದಂತೆ ಸ್ಪಷ್ಟವಾಗಿದ್ದವು. ಡಾಕ್ಟರಬಾಯಿಯವರು ಕೈ ತೊಳೆದು ಮೇಜಿಗೆ ಬಂದರು. “ಬರೀಬೇಕಲ್ಲೋ ಈರಣ್ಣ” ಎಂದು ಕಾಗದ ಎಳೆದುಕೊಂಡರು. ಆಗ ಅವರ ಕಣ್ಣು ಕಿಟಕಿಯ ಮೇಲೆ ಬಿತ್ತು. ಸೀಸೆಯಲ್ಲಿ ಉಳಿದಿದ್ದದ್ದು ಕೆಂಪಾಗಿತ್ತು.

“ಇದು ಯಾರದು?”

“ತಳಕಲ್ಲಿನ ನೀಲವ್ವಂದ್ರಿ.”

“ಗಂಡ ಸತ್ತಾಕಿ ತಂಬಿಗಿಗೆ ಅರಿಷಿಣ ಯಾರು ಹಾಕ್ಯಾರು?”

ವಿಧವೆಯ ಬಟ್ಟಲಿಗೆ ಅರಿಷಿಣ ಹಾಕುವ ಮನೆ ಈ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಆ ಮೂತ್ರ ಯಾರೋ ಮುತ್ತೈದೆಯದು. ಯಾರೋ ನೀಲವ್ವನ ಹೆಸರು ಕೆಡಿಸಲು ಬಸುರಿಯ ಮೂತ್ರ ಕಳಿಸಿದ್ದಾರೆಂದು ನಾನು ತೀರ್ಮಾನಿಸಿ ಹಾಗೆಯೇ ಹೇಳಿದೆ. “ತೀರ್ಪು ಮೊಲಕ್ಕ ಬಿಟ್ಟೀವಿ, ನೀ ಯಾಕ ಕೊಡತಿ?” ಎಂದು ಅವರು ಕಾಗದವನ್ನು ಹಾಗೆಯೇ ಬಿಟ್ಟು ಎದ್ದರು.

ಮರುದಿನ ಇಬ್ಬರೂ ತಳಕಲ್ಲಿಗೆ ಹೋದೆವು. ಪಡಸಾಲೆಯಲ್ಲಿ ಸಂಗಪ್ಪ, ಅವನ ತಾಯಿ, ಕಂಬಕ್ಕೆ ಒರಗಿ ನಿಂತ ಅವನ ಹೆಂಡತಿ ಗಂಗವ್ವ. ಮೂಲೆಯಲ್ಲಿ ನೀಲವ್ವ ಕುಳಿತಿದ್ದಳು. ಬೇಸಿಗೆಯ ನಡುಹಗಲು, ಮುದುಕಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದಳು. ನೀಲವ್ವ ಕಂಬಳಿ ಹೊದ್ದಿದ್ದಳು. ರೆಪ್ಪೆಗಳು ಊದಿ ಕಣ್ಣು ಅರ್ಧ ಮುಚ್ಚಿದ್ದವು. ಹುಬ್ಬಿನ ಹೊರತುದಿಯ ಕೂದಲು ಉದುರಿತ್ತು. ನಮ್ಮನ್ನು ಕಂಡು “ಬರ್ರಿ” ಎಂದಾಗ ಆ ಒಂದು ಮಾತು ಗಂಡಸಿನ ದನಿಯಂತೆ ಒರಟಾಗಿ, ಬಹಳ ದೂರದಿಂದ ನಡೆದು ಬಂದಂತೆ ತಡವಾಗಿ ಬಂತು.

“ಕಂಬಳಿ ಯಾಕವ್ವ?” ಎಂದರು ಡಾಕ್ಟರಬಾಯಿ.

“ಥಂಡಿ ಹತ್ತೈತ್ರಿ.”

“ನಾಟಕ!” ಎಂದಳು ಅತ್ತೆ. “ಹೊಟ್ಟಿ ಮುಚ್ಚಾಕ ಕಂಬಳಿ ಬೇಕಲ್ಲ.”

ಡಾಕ್ಟರಬಾಯಿಯವರು ಸಂಗಪ್ಪ ಬಿಟ್ಟುಹೋಗಿದ್ದ ತಂಬಿಗೆಯನ್ನು ನೆಲದ ಮೇಲಿಟ್ಟರು. “ಉತ್ತರ ಹೇಳೂಕಿಂತ ಮೊದಲ ಒಂದು ಕೇಳೂದೈತಿ. ಇದರಾಗ ಅರಿಷಿಣ ಹಾಕಿದವರು ಯಾರು?”

“ರಂಡಿಮುಂಡಿ ತಂಬಿಗಿಗೆ ಅರಿಷಿಣ ಯಾರ ಹಾಕತಾರ, ಥೂ!” ಎಂದು ಮುದುಕಿ ಮುಖ ತಿರುವಿದಳು. ಸಂಗಪ್ಪ ತಾಯಿಯನ್ನೂ ತಂಬಿಗೆಯನ್ನೂ ನೋಡಿದ. ಗಂಗವ್ವ ಕಂಬವನ್ನು ಬಿಟ್ಟು ಮುಂದೆ ಬಂದಳು.

“ನಾನ್ರಿ” ಎಂದಳು. “ಕೈ ರೂಢಿರಿ. ಹಾಕಿದ್ದು ನನಗ ಗೊತ್ತಾಗಲಿಲ್ಲ.”

“ನೀಲವ್ವನ ತಂಬಿಗಿಗೆ?”

“ನೀಲವ್ವಂದಲ್ರಿ. ನಂದು.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ನನಗ ಇಷ್ಟು ವರ್ಷಾತು, ಮಕ್ಕಳಿಲ್ಲ. ಬಂಜಿ ಅನಿಸಿಕೊಂಡಾಕಿ. ನಂದು ಕಳಸಿದ್ರ ಇಲ್ಲ ಅಂತ ಬರತೈತಿ, ಇಕಿ ಮನ್ಯಾಗ ಉಳೀತಾಳ ಅಂತ ತಿಳಿದೆ. ತಪ್ಪಿದಾಕೀನ್ನ ಎಲ್ಲಿಗಂತ ಕಳಸೂದ್ರಿ?”

ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಕೆಡಿಸಲು ಮಾಡಿದ ಕೆಲಸವೆಂದು ನಾನು ತಿಳಿದದ್ದು ಕಾಯಲು ಮಾಡಿದ್ದಾಗಿತ್ತು. ಕಾಯಲು ಮಾಡಿದ್ದು ನೀಲವ್ವನನ್ನು ಹೊಸ್ತಿಲಿನ ಆಚೆಗೆ ತಳ್ಳುವುದರಲ್ಲಿತ್ತು. ಎಲ್ಲರೂ ಗಂಗವ್ವನನ್ನೇ ನೋಡುತ್ತಿದ್ದಾಗ ಮೂಲೆಯಿಂದ ಆ ಒರಟು ದನಿ ಬಂತು.

“ಅಕ್ಕಾ, ನೀನೂ ಹಂಗ ತಿಳಿದೇನು?”

ಗಂಗವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಡಾಕ್ಟರಬಾಯಿಯವರು ಆಕೆಯ ಕಡೆ ತಿರುಗಿದರು. “ಗಂಗವ್ವ, ಮೊಲ ಹೌದು ಅಂದೈತಿ. ನಿನ್ನ ತಂಬಿಗಿಗೆ ಅಂದದ್ದು ಅದು. ಬಸುರಿ ನೀನ ಅದಿ.”

ಮುದುಕಿಯ ಬೀಸಣಿಗೆ ನಿಂತಿತು. ಮುಟ್ಟು ಹಿಂದೆ ಮುಂದೆ ಆಗುವುದು ತನಗೆ ಮೊದಲಿನಿಂದ ಇದ್ದದ್ದು, ಈ ಸಲ ಲೆಕ್ಕ ಇಟ್ಟಿರಲಿಲ್ಲ ಎಂದು ಗಂಗವ್ವ ಏನೋ ತೊದಲಿದಳು. ಅತ್ತೆ ಒಮ್ಮೆ ಅತ್ತಳು, ಒಮ್ಮೆ ನಕ್ಕಳು, ಕೊನೆಗೆ ಮಗನ ಮೇಲೆ ಹರಿಹಾಯ್ದಳು. “ಕುಕನೂರಿಗೆ ಹೋಗಿ ಎರಡನೇದಕ್ಕ ಕನ್ಯಾ ನೋಡಿ ಬಂದ್ಯಲ್ಲೋ ಭಾಡ್ಯಾ! ಮನ್ಯಾಗಿನ ಹೊಟ್ಟಿ ಕಾಣಲಿಲ್ಲೇನು ನಿನಗ?” ಸಂಗಪ್ಪ ನಾಚಿ, ಬೆಲ್ಲ ತರುತ್ತೇನೆಂದು ಒಳಗೆ ಹೋಗಿ, ಬೆಲ್ಲವಿಲ್ಲದೆ ಹೊರಗೆ ಬಂದ.

ಆ ಗದ್ದಲದಲ್ಲಿಯೇ ಡಾಕ್ಟರಬಾಯಿಯವರು ನೀಲವ್ವನನ್ನು ಒಳಕೋಣೆಗೆ ಕರೆದೊಯ್ದು, ತಮ್ಮೆದುರಿಗೆ ಅವಳ ಮೂತ್ರ ಹಿಡಿಸಿಕೊಂಡು ಬಂದರು. ಅವಳನ್ನು ಮಣೆಯ ಮೇಲೆ ಮೊಣಕಾಲೂರಿಸಿ, ಹಿಮ್ಮಡಿಯ ಮೇಲಿನ ನರವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿದರಂತೆ. ಪಾದ ಜಿಗಿದು, ಮರಳಿ ಬರಲು ಬೇಸರಪಟ್ಟಂತೆ ನಿಧಾನವಾಗಿ ಬಂತಂತೆ. ನಾಡಿ ಮಂದ, ಚರ್ಮ ಒಣಗಿದ ಜೋಳದ ಸಿಪ್ಪೆ. “ಕೊರಳಿನ ಗಂಟು ಹೆಪ್ಪು ಹಾಕೂದು ಬಿಟ್ಟೈತಿ” ಎಂದು ರೈಲಿನಲ್ಲಿ ಹೇಳಿದರು. ಥೈರಾಯಿಡ್ ಗ್ರಂಥಿಯ ರಸವನ್ನು ಅಳೆಯುವ ಯಾವ ಉಪಾಯವೂ ನಮ್ಮಲ್ಲಿರಲಿಲ್ಲ. ಕಣ್ಣು, ಕೈ, ಆ ಸುತ್ತಿಗೆ, ಇಷ್ಟೇ. ಈಗ ನಿಮಗೆ ರಕ್ತದ ಒಂದು ಸೀಸೆ ಕಳಿಸುತ್ತಾರೆ, ಅಂಕಿ ಬರುತ್ತದೆ. ಒಳ್ಳೆಯದು. ಅಂಕಿ ಬಂದ ಮೇಲೆ ಕಂಬಳಿ ಹೊದ್ದವಳನ್ನು ನೋಡಲು ಯಾರೂ ರೈಲು ಹತ್ತುವುದಿಲ್ಲ ಎಂಬುದಷ್ಟೇ ನನ್ನ ಮಾತು.

ಎರಡನೆಯ ಮೊಲದಲ್ಲಿ ಚುಕ್ಕೆ ಇರಲಿಲ್ಲ. ಉತ್ತರ ಒಯ್ಯಲು ಸಂಗಪ್ಪ ಬಂದಾಗ ಪೇಢೆ ತಂದಿದ್ದ. ಗಂಗವ್ವ ಏನು ಉಣ್ಣಬೇಕು, ಏನು ಎತ್ತಬಾರದು, ಬಾವಿಗೆ ಹೋಗಬಹುದೇ ಎಂದು ಬಹಳ ಕೇಳಿದ. ನೀಲವ್ವ ಬಸುರಿಯಲ್ಲ ಎಂದು ನಾನೇ ಹೇಳಬೇಕಾಯಿತು.

“ಹೌದೇನ್ರಿ? ಛಲೋ ಆತು ಬಿಡ್ರಿ” ಎಂದ.

“ಮತ್ತ ಅಕೀಗೆ ಏನಾಗೇತಿ ಅಂತ ಕೇಳೂದಿಲ್ಲೇನು?” ಎಂದರು ಡಾಕ್ಟರಬಾಯಿ.

“ಬಸುರಿಲ್ಲಂದ್ರ ಮುಗೀತಲ್ರಿ.”

ಆ ಮನೆಗೆ ಇದ್ದದ್ದು ಒಂದೇ ಪ್ರಶ್ನೆ; ಅದಕ್ಕೆ ಉತ್ತರ ದೊರೆತಿತ್ತು. ನೀಲವ್ವನನ್ನು ಮುಂದಿನ ವಾರ ಕರೆತಂದವಳು ಗಂಗವ್ವ. ಇಬ್ಬರೂ ಒಂದೇ ಕಟ್ಟೆಯ ಮೇಲೆ ಕುಳಿತರೂ ನಡುವೆ ಒಬ್ಬರು ಕೂಡುವಷ್ಟು ಜಾಗ ಬಿಟ್ಟಿದ್ದರು. ಡಾಕ್ಟರಬಾಯಿಯವರು ಮುಚ್ಚುಮರೆ ಮಾಡದೆ ಹೇಳಿದರು: ಈ ಗುಳಿಗೆಯನ್ನು ಕುರಿಯ ಕೊರಳಿನ ಗ್ರಂಥಿ ಒಣಗಿಸಿ ಮಾಡುತ್ತಾರೆ, ಜೀವ ಇರುವವರೆಗೆ ನುಂಗಬೇಕು, ಲಿಂಗ ಕಟ್ಟಿದ, ಮಾಂಸ ಮುಟ್ಟದ ಮನೆಯವರಾದ್ದರಿಂದ ತಿಳಿದು ತೆಗೆದುಕೊಳ್ಳಬೇಕು. ಗಂಗವ್ವ “ಶಿವ ಶಿವಾ” ಎಂದು ಗಲ್ಲ ಬಡಿದುಕೊಂಡಳು. ನೀಲವ್ವ ಎಂದಿನಂತೆ ತಡವಾಗಿ ಮಾತಾಡಿದಳು.

“ಮೊಲ ಎರಡು ಹೋಗ್ಯಾವ ನನ್ನ ಸಲುವಾಗಿ. ಇನ್ನ ಕುರೀದೇನು ಕೇಳೂದ್ರಿ? ಕೊಡ್ರಿ.”

ಯುದ್ಧದ ದಿನಗಳಾದ್ದರಿಂದ ಗುಳಿಗೆ ಮುಂಬಯಿಯಿಂದ ಬರುವುದು ಅನಿಶ್ಚಿತವಾಗಿತ್ತು. ಬಂದಾಗಲೆಲ್ಲ ಕೊಟ್ಟೆವು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ರೆಪ್ಪೆಗಳು ಇಳಿದವು, ಹುಬ್ಬು ಮೂಡಿತು, ದನಿ ಹೆಂಗಸಿನ ದನಿಯಾಯಿತು, ಹೊಟ್ಟೆಯ ಬಾವು ಹೋಯಿತು. ಮುಟ್ಟು ಮರಳಿತು. ಡಾಕ್ಟರಬಾಯಿಯವರು ಅಷ್ಟು ಸಂತೋಷಪಟ್ಟದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಗಂಗವ್ವನ ಹೊಟ್ಟೆ ದೊಡ್ಡದಾಗಿ ಆಕೆ ಬರುವುದು ನಿಂತ ಮೇಲೆ, ನೀಲವ್ವ ಒಬ್ಬಳೇ ರೈಲಿನಲ್ಲಿ ಬರತೊಡಗಿದಳು.

ಒಂದು ದಿನ ಗುಳಿಗೆಯ ಸೀಸೆಯನ್ನು ತೆಗೆದುಕೊಳ್ಳದೆ ಮೇಜಿನ ಈಚೆ ನಿಂತಳು.

“ಏನಾತವ್ವ?” ಎಂದರು ಡಾಕ್ಟರಬಾಯಿ.

“ಹೊಟ್ಟಿ ಇಳೀತಲ್ರಿ. ಇಳಿದದ್ದ ತಪ್ಪಾತು. ಕೊಪ್ಪಳದ ದವಾಖಾನಿಗೆ ಹೋಗಿ ತೆಗೆಸಿಕೊಂಡು ಬಂದಾಳ, ಅದಕ್ಕ ತಿಂಗಳಾ ತಿಂಗಳಾ ಹೋಗತಾಳ ಅಂತ ಬಾವಿಕಟ್ಟಿ ಮ್ಯಾಲ ಮಾತು. ನಮ್ಮತ್ತಿ ನಿನ್ನೆ ನನ್ನ ತಾಟು ಬ್ಯಾರೆ ಇಟ್ಲು.”

ನಾನು ಸೀಸೆ ತೊಳೆಯುವುದನ್ನು ನಿಲ್ಲಿಸಿದೆ. ಬಸುರಿಲ್ಲವೆಂದು ನಾವು ಹೇಳಿದ್ದನ್ನು ಅವಳ ಮೈ ವಾಸಿಯಾಗಿಯೇ ಸುಳ್ಳು ಮಾಡಿತ್ತು. ಈ ಮಾತಿಗೆ ಎದುರಾಗಿ ಸೀಳಿ ತೋರಿಸಬಹುದಾದ ಪ್ರಾಣಿ ಭಾಗ್ಯನಗರದಲ್ಲಿ ಇರಲಿಲ್ಲ, ಎಲ್ಲೂ ಇರಲಿಲ್ಲ. ಡಾಕ್ಟರಬಾಯಿಯವರು ತಾವೇ ಮತ್ತೊಮ್ಮೆ ಊರಿಗೆ ಬಂದು ಹಿರಿಯರ ಮುಂದೆ ಮಾತಾಡುವುದಾಗಿ ಹೇಳಿದರು. ನೀಲವ್ವ ಬೇಡವೆಂದು ಕೈಯಾಡಿಸಿದಳು. ತನ್ನನ್ನು ಹೊರಗೆ ಹಾಕದಂತೆ ಅಕ್ಕ ಗಂಗವ್ವ ಹೊಸ್ತಿಲಿನಲ್ಲಿ ಅಡ್ಡ ಕುಳಿತಿದ್ದಾಳೆ, ಆಕೆಯ ಹೆರಿಗೆ ಆಗುವವರೆಗೆ ಯಾರೂ ಆಕೆಯನ್ನು ಮೀರಲಾರರು. ಆಮೇಲಿನದು ಆಮೇಲೆ ಎಂದಳು.

ಗುಳಿಗೆ ಬಿಟ್ಟರೆ ಬಾವು ಮರಳುತ್ತದೆ, ಮಾತು ನಿಲ್ಲಬಹುದು. ತಿಂದರೆ ಮೈ ಉಳಿಯುತ್ತದೆ, ಮಾತು ಬೆಳೆಯುತ್ತದೆ. ಅವಳು ಕಪಾಟಿನಲ್ಲಿದ್ದ ಸೀಸೆಗಳ ಸಾಲನ್ನು ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ನೋಡಿದಳು.

“ಬಾಯಾರ, ಇಷ್ಟು ಇಟ್ಟೀರಿ. ಊರಿನ ಬಾಯಿಗೆ ಹಾಕೂ ಗುಳಿಗಿ ಯಾವುದರ ಐತೇನ್ರಿ ಇದರಾಗ?”

“ಇಲ್ಲವ್ವ” ಎಂದರು ಡಾಕ್ಟರಬಾಯಿ.

“ಹಂಗಾರ ನಂದಷ್ಟ ಕೊಡ್ರಿ, ರೈಲು ಬರೂ ಹೊತ್ತಾತು.”